ಉತ್ತರ ಕನ್ನಡದಲ್ಲಿ ಮೊದಲ ಬೈಕು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ, ಶಿರಸಿ-ಸಿದ್ದಾಪುರ-ಯಲ್ಲಾಪುರದ ಘಟ್ಟದ ಮೇಲೆ ಮೊದಲ ಸಲ ಬೈಕು ತೆಗೆದುಕೊಳ್ಳುವವರಿಗೆ ಈ ಪುಟ. ಬೈಕಿನ ಜೊತೆ ಕೊಡುವ ಕೈಪಿಡಿ ಇಡೀ ದೇಶಕ್ಕೆಂದು ಬರೆದದ್ದು. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಘಟ್ಟದ ಇಳಿಜಾರು ಅದರ ಲೆಕ್ಕದಲ್ಲಿಲ್ಲ. ಹಾಗಾಗಿ ಇಲ್ಲಿನ ಉತ್ತರಗಳಲ್ಲಿ ಕಿಲೋಮೀಟರಿಗಿಂತ ಮಳೆಗಾಲದ ಮಾತೇ ಹೆಚ್ಚು.

## ಮೊದಲ ಬೈಕು ಎಷ್ಟು ಸಿಸಿಯದ್ದಿರಬೇಕು?

ಹೆಚ್ಚಿನವರಿಗೆ 100ರಿಂದ 125 ಸಿಸಿ ಸಾಕು. ಸಿಸಿಗಿಂತ ಮೊದಲು ನೋಡಬೇಕಾದ್ದು ತೂಕ ಮತ್ತು ಸೀಟಿನ ಎತ್ತರ. ಸ್ಪ್ಲೆಂಡರ್ ಪ್ಲಸ್ ಸುಮಾರು 112 ಕೆ.ಜಿ., ಸೀಟು 785 ಮಿ.ಮೀ. ಕ್ಲಾಸಿಕ್ 350 ತೂಗುವುದು 195 ಕೆ.ಜಿ. ಡಾಂಬರು ರಸ್ತೆಯಲ್ಲಿ ಓಡುವಾಗ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಜುಲೈ ತಿಂಗಳಲ್ಲಿ, ಮನೆಯಿಂದ ರಸ್ತೆಗೆ ಹೋಗುವ ಕೆಂಪು ಮಣ್ಣಿನ ಏರಿನಲ್ಲಿ ಗಾಡಿ ನಿಂತು, ಅದನ್ನು ಹಿಂದಕ್ಕೆ ತಳ್ಳಬೇಕಾದಾಗ ಗೊತ್ತಾಗುತ್ತದೆ. ಶೋರೂಮಿನಲ್ಲಿ ಕುಳಿತು ನೋಡುವಾಗ ಎರಡೂ ಪಾದಗಳ ಮುಂಭಾಗವಾದರೂ ಗಟ್ಟಿಯಾಗಿ ನೆಲಕ್ಕೆ ತಾಗಬೇಕು. ಬರೀ ಬೆರಳ ತುದಿ ತಾಗಿದರೆ ಆ ಬೈಕು ಸದ್ಯಕ್ಕೆ ಬೇಡ.

ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಮೇಲೊಂದು ಚೀಲ ಇಟ್ಟುಕೊಂಡು ವಾರಕ್ಕೊಮ್ಮೆ ದೇವಿಮನೆ ಘಟ್ಟ ಹತ್ತುವವರಿಗೆ 100 ಸಿಸಿ ಏದುಸಿರು ಬಿಡುತ್ತದೆ. ಅವರು 125ಕ್ಕೆ ಹೋಗುವುದು ಲೇಸು. ಕುಮಟಾದಿಂದ ಕಾರವಾರಕ್ಕೆ ದಿನಾ ಹೆದ್ದಾರಿ 66ರಲ್ಲಿ ಲಾರಿಗಳ ನಡುವೆ ಓಡಾಡುವವರಾದರೆ 150-160 ಸಿಸಿ ತೆಗೆದುಕೊಳ್ಳಲು ಒಂದು ಗಟ್ಟಿ ಕಾರಣವಿದೆ, ಅದು ಎಬಿಎಸ್. ಹಲವು ವರ್ಷಗಳಿಂದ 125 ಸಿಸಿ ಮೀರಿದ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಅದಕ್ಕಿಂತ ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಬಿಎಸ್, ಅಂದರೆ ಹಿಂದಿನ ಬ್ರೇಕು ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಒದ್ದೆ ರಸ್ತೆಯಲ್ಲಿ ಗಾಬರಿಯಿಂದ ಮುಂದಿನ ಬ್ರೇಕು ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು ಎಬಿಎಸ್ ಮಾತ್ರ.

ಇನ್ನೊಂದು ವಿಷಯವನ್ನು ಮಾರುವವರು ಹೇಳುವುದಿಲ್ಲ: ಚೈನಿಗೆ ಪೂರ್ತಿ ಕವರ್ ಇರುವ ಬೈಕು ಇಲ್ಲಿ ಹೆಚ್ಚು ಬಾಳುತ್ತದೆ. ತೆರೆದ ಚೈನು ಚಂದ ಕಾಣುತ್ತದೆ, ಜೂನ್‌ವರೆಗೆ.

## ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದೇ? ಏನು ನೋಡಬೇಕು?

ತಗೊಳ್ಳಬಹುದು. ಕಲಿಯುವಾಗ ಒಂದೆರಡು ಸಲ ಬೀಳಿಸುವುದು ಇದ್ದದ್ದೇ, ಹಳೆಯದಾದರೆ ಹೊಟ್ಟೆ ಉರಿಯುವುದಿಲ್ಲ. ಆದರೆ ಕರಾವಳಿಯ ಬೈಕನ್ನು ಮೀಟರ್ ನೋಡಿ ಅಳೆಯಬೇಡಿ. ಸಮುದ್ರದ ಬದಿಯ ಮನೆಯಲ್ಲಿ ಬಯಲಿನಲ್ಲಿ ನಿಂತ 15 ಸಾವಿರ ಕಿ.ಮೀ. ಬೈಕಿಗಿಂತ ಶಿರಸಿಯಲ್ಲಿ ಸೂರಿನಡಿ ನಿಂತ 40 ಸಾವಿರದ ಬೈಕು ಗಟ್ಟಿಯಾಗಿರಬಹುದು.

ಹಗಲು ಹೊತ್ತಿನಲ್ಲಿ, ಬೈಕು ಒಣಗಿರುವಾಗ, ಇಂಜಿನ್ ತಣ್ಣಗಿರುವಾಗ ಹೋಗಿ. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ, ತಣ್ಣಗಿರುವಾಗ ಕಾಣುವ ತೊಂದರೆಯನ್ನು ಮುಚ್ಚಿಡುತ್ತಿದ್ದಾರೆ ಎಂದು ಅನುಮಾನಿಸಿ. ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್ ಇರಲಿ. ನೆಲಕ್ಕೆ ಕುಳಿತು ಕೆಳಗಿನಿಂದ ನೋಡಿ: ಸೈಲೆನ್ಸರಿನ ತಳದ ಬೆಸುಗೆ, ಸೆಂಟರ್ ಸ್ಟ್ಯಾಂಡ್ ಕೂರುವ ಜಾಗ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮ್, ಟ್ಯಾಂಕಿನ ಕೆಳ ಅಂಚು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ಒಳಗೊಳಗೇ ತಿಂದುಹೋಗಿದ್ದರೆ ಸದ್ದು ಮಂದ, ಪುಡಿ ಉದುರುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚು ಬಿಡಿ. ಒಳಗೆ ಕಂದು ಬಣ್ಣ ಕಂಡರೆ ಮುಂದೆ ಫಿಲ್ಟರ್, ಪಂಪ್, ಇಂಜೆಕ್ಟರ್ ಎಲ್ಲಕ್ಕೂ ಅದೇ ಕಸ ಹೋಗುತ್ತದೆ.

ಮುಂದಿನ ಶಾಕ್‌ನ ಹೊಳೆಯುವ ಕೊಳವೆಯ ಮೇಲೆ ಉಗುರು ಎಳೆಯಿರಿ. ಸಣ್ಣ ಸಣ್ಣ ಗುಳಿ ಸಿಕ್ಕರೆ ಆಯಿಲ್ ಸೀಲ್ ಬದಲಿಸಿ ಪ್ರಯೋಜನವಿಲ್ಲ. ಆ ಗುಳಿಗಳೇ ಹೊಸ ಸೀಲನ್ನೂ ಹರಿಯುತ್ತವೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ, ಹ್ಯಾಂಡಲನ್ನು ನಿಧಾನಕ್ಕೆ ಆಚೀಚೆ ತಿರುಗಿಸಿ. ನಡುವಲ್ಲಿ ಕಚ್ಚಿ ನಿಂತಂತಾದರೆ ಹ್ಯಾಂಡಲಿನ ಬುಡದ ಬೇರಿಂಗ್ ಹೋಗಿದೆ. ಹಿಂದಿನ ಸ್ಪ್ರಾಕೆಟ್ಟಿನ (ಚೈನು ಕೂರುವ ಹಲ್ಲಿನ ಚಕ್ರ) ಹಲ್ಲು ಕೊಕ್ಕೆಯಂತೆ ಒಂದೇ ಕಡೆ ಬಾಗಿದ್ದರೆ ಚೈನ್ ಸೆಟ್ ಪೂರ್ತಿ ಬದಲಿಸಬೇಕು, ಅಷ್ಟು ಹಣ ಬೆಲೆಯಲ್ಲಿ ಕಳೆಯಿರಿ.

ಗಂಗಾವಳಿ, ಅಘನಾಶಿನಿ, ಶರಾವತಿ, ಕಾಳಿ ದಂಡೆಯ ಊರುಗಳಿಂದ ಬಂದ ಬೈಕಾದರೆ ನೆರೆಯಲ್ಲಿ ಮುಳುಗಿತ್ತೇ ಎಂದು ನೋಡಿ. ಹೊರಗೆ ಎಷ್ಟು ತೊಳೆದರೂ ಹೆಡ್‌ಲೈಟಿನ ಒಳಗೆ, ಸೀಟಿನ ಕೆಳಗಿನ ವೈರಿನ ಜೋಡಣೆಗಳಲ್ಲಿ ನುಣ್ಣನೆಯ ಕೆಸರು ಉಳಿಯುತ್ತದೆ. ಆಯಿಲ್ ಅಳೆಯುವ ಕಡ್ಡಿಯಲ್ಲಿ ಹಾಲು ಬೆರೆಸಿದ ಚಹಾ ಬಣ್ಣ ಕಂಡರೆ ಅಲ್ಲಿಗೇ ಕೈಬಿಡಿ.

ಕಾಗದದ ಕೆಲಸ: ಚಾಸಿ ನಂಬರು ಹ್ಯಾಂಡಲಿನ ಕೆಳಗಿನ ಕೊಳವೆಯ ಮೇಲೆ ಕೊರೆದಿರುತ್ತದೆ. ಆರ್‌ಸಿಯ ಜೊತೆ ಒಂದೊಂದೇ ಅಂಕಿ ಹೋಲಿಸಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬಾರದೆ ಪೂರ್ತಿ ಹಣ ಕೊಡಬೇಡಿ. ವರ್ಗಾವಣೆಗೆ ಫಾರಂ 29 ಮತ್ತು 30. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. "ಸಹಿ ಹಾಕಿ ಕೊಟ್ಟಿದ್ದೇನಲ್ಲ, ಯಾವಾಗ ಬೇಕಾದರೂ ಮಾಡಿಸಿಕೊಳ್ಳಿ" ಎನ್ನುವವರ ಮಾತು ಕೇಳಬೇಡಿ. ಅಪಘಾತವಾದರೆ ಇಬ್ಬರೂ ಕೋರ್ಟು ಅಲೆಯಬೇಕು.

## ಗೋವಾ ನಂಬರಿನ ಬೈಕು ಕಡಿಮೆಗೆ ಸಿಗುತ್ತಿದೆ. ತಗೊಳ್ಳಲೇ?

ಕಾರವಾರ, ಮಾಜಾಳಿ, ಸದಾಶಿವಗಡದವರು ದಿನಾ ಕೇಳುವ ಪ್ರಶ್ನೆ ಇದು. ಹೊರರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಇಲ್ಲಿನ ನಂಬರಿಗೆ ಬದಲಿಸಲೇಬೇಕು. ಅದಕ್ಕೆ ಗೋವಾ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಬೈಕಿನ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಈ ಖರ್ಚು, ಓಡಾಟ ಎಲ್ಲ ಕೂಡಿಸಿದ ಮೇಲೂ ಅಗ್ಗವೆನಿಸಿದರೆ ಮಾತ್ರ ಮುಂದುವರಿಯಿರಿ. ಕಪ್ಪು ಫಲಕದಲ್ಲಿ ಹಳದಿ ಅಕ್ಷರವಿರುವ ಬಾಡಿಗೆ ಬೈಕು ಮಾತ್ರ ಬೇಡವೇ ಬೇಡ. ನೂರು ಜನ ನೂರು ತರ ಓಡಿಸಿದ ಗಾಡಿ ಅದು, ಖಾಸಗಿಗೆ ಬದಲಿಸುವ ತಲೆನೋವು ಬೇರೆ.

## ಎಲ್‌ಎಲ್ (ಕಲಿಕಾ ಪರವಾನಗಿ), ಡಿಎಲ್ (ಚಾಲನಾ ಪರವಾನಗಿ) ಎಲ್ಲಿ ಮಾಡಿಸಬೇಕು?

ಪರವಾನಗಿಗೆಂದೇ ಇರುವ ಸರ್ಕಾರದ ‘ಸಾರಥಿ’ ಜಾಲತಾಣದಲ್ಲಿ ಅರ್ಜಿ ಹಾಕಿ. ಜಿಲ್ಲೆಯಲ್ಲಿ ಕಾರವಾರ (ಕೆಎ-30), ಶಿರಸಿ (ಕೆಎ-31), ಹೊನ್ನಾವರ (ಕೆಎ-47), ದಾಂಡೇಲಿ (ಕೆಎ-65) ಕಚೇರಿಗಳಿವೆ. ಗಿಯರ್ ಇರುವ ಬೈಕಿಗೆ 18 ವರ್ಷ ತುಂಬಿರಬೇಕು. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆ. ಎಲ್‌ಎಲ್ ಇರುವಾಗ ಹಿಂದೆಯೂ ಮುಂದೆಯೂ ಕೆಂಪು ಬಣ್ಣದ ‘ಎಲ್’ ಅಕ್ಷರ ಹಾಕಬೇಕು.

## ಶೋರೂಮಿನವರು ಕೊಡುವ ಪಟ್ಟಿಯಲ್ಲಿ ಯಾವುದು ಬೇಕು, ಯಾವುದು ಬೇಡ?

ಹೊಸ ದ್ವಿಚಕ್ರಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಇದು 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಸ್ವಂತ ಬೈಕಿನ ಹಾನಿಗೆ ಸಿಗುವ ಭಾಗ ಬಹುಪಾಲು ಒಂದೇ ವರ್ಷದ್ದಾಗಿರುತ್ತದೆ. "ಐದು ವರ್ಷ ಇನ್ಶೂರೆನ್ಸ್ ಇದೆ" ಎಂದು ನಂಬಿ ಕುಳಿತವರಿಗೆ ಎರಡನೇ ಮಳೆಗಾಲದಲ್ಲಿ ಮರ ಬಿದ್ದಾಗ ಸತ್ಯ ತಿಳಿಯುತ್ತದೆ. ಪಾಲಿಸಿಯಲ್ಲಿ ಎರಡೂ ತಾರೀಖು ನೋಡಿ.

ಪಟ್ಟಿಯಲ್ಲಿರುವ ಮೇಲ್ಮೈ ಹೊಳಪಿನ ಲೇಪನಕ್ಕೆ ದುಡ್ಡು ಸುರಿಯಬೇಡಿ. ಅದೇ ಹಣದಲ್ಲಿ ಕೆಳಭಾಗಕ್ಕೆ ತುಕ್ಕು ನಿರೋಧಕ ಲೇಪನ ಮಾಡಿಸಿದರೆ ಇಲ್ಲಿ ಉಪಯೋಗ. ಸೈಲೆನ್ಸರ್, ಬ್ರೇಕಿಗೆ ತಾಗದಂತೆ ನೋಡಿಕೊಂಡರಾಯಿತು. ಹೆಲ್ಮೆಟ್ ಕೊಡುವುದು ನಿಯಮದಲ್ಲೇ ಇದೆ, ಕೇಳಿ ಪಡೆಯಿರಿ. ಆದರೂ ನಿಮ್ಮ ತಲೆಯ ಅಳತೆಗೆ ಸರಿಯಾದ, ಐಎಸ್‌ಐ ಗುರುತಿರುವ ಪೂರ್ತಿ ಮುಖದ ಹೆಲ್ಮೆಟ್ ಒಂದನ್ನು ಬೇರೆಯೇ ಕೊಳ್ಳಿ. ಪಟ್ಟಿ ಬಿಗಿದು ತಲೆ ಅಲ್ಲಾಡಿಸಿದಾಗ ಅದು ತಲೆಯ ಜೊತೆಗೇ ತಿರುಗಬೇಕು.

## ಹೊಸ ಬೈಕನ್ನು ಮೊದಲ ದಿನವೇ ಘಟ್ಟ ಹತ್ತಿಸಬಹುದೇ?

ಹತ್ತಿಸಬಹುದು, ಆದರೆ ಮೊದಲ ಒಂದು ಸಾವಿರ ಕಿ.ಮೀ. ಇಂಜಿನ್ನನ್ನು ಏದಿಸಬೇಡಿ. ದೊಡ್ಡ ಗಿಯರಿನಲ್ಲಿ ಗುದ್ದಿ ಗುದ್ದಿ ಹತ್ತಿಸುವುದು ವೇಗಕ್ಕಿಂತ ಹಾನಿಕರ. ಬೇಗ ಸಣ್ಣ ಗಿಯರಿಗೆ ಬನ್ನಿ. ಸಣ್ಣ ಬೈಕಾದರೆ ಗಂಟೆಗೆ 50-55 ಕಿ.ಮೀ. ದಾಟಿಸಬೇಡಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಲೂಬೇಡಿ. ಮೊದಲ ಸರ್ವಿಸು ಸಾಮಾನ್ಯವಾಗಿ 500-750 ಕಿ.ಮೀ.ಗೆ ಬರುತ್ತದೆ. ಅದನ್ನು ತಪ್ಪಿಸಬೇಡಿ, ಹೊಸ ಭಾಗಗಳು ಉಜ್ಜಿ ಬಂದ ಲೋಹದ ಪುಡಿ ಆ ಆಯಿಲಿನಲ್ಲೇ ಇರುತ್ತದೆ. ಹೊಸ ಟೈರಿನ ಮೇಲಿನ ನುಣುಪು ಹೋಗಲು ನೂರೈವತ್ತು-ಇನ್ನೂರು ಕಿ.ಮೀ. ಬೇಕು, ಅಲ್ಲಿಯವರೆಗೆ ತಿರುವಿನಲ್ಲಿ ಹೆಚ್ಚು ಬಾಗಬೇಡಿ.

## ಚೈನನ್ನು ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ?

ಬೇಸಿಗೆಯಲ್ಲಿ 500-600 ಕಿ.ಮೀ.ಗೊಮ್ಮೆ, ಮಳೆಗಾಲದಲ್ಲಿ 250-300ಕ್ಕೊಮ್ಮೆ. ಮೊದಲು ಇಂಜಿನ್ ಆಫ್ ಮಾಡಿ ಕೀಲಿ ಜೇಬಿಗೆ ಹಾಕಿಕೊಳ್ಳಿ. ಇಂಜಿನ್ ಓಡಿಸಿಕೊಂಡು, ಗಿಯರ್ ಹಾಕಿ, ಬಟ್ಟೆ ಹಿಡಿದು ಚೈನು ಒರೆಸುವುದನ್ನು ಕೆಲವು ಕಡೆ ಕಾಣುತ್ತೇವೆ. ಬೆರಳು ಕಳೆದುಕೊಳ್ಳುವುದು ಹಾಗೆಯೇ.

ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು, ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಉಜ್ಜಿ. ಪೆಟ್ರೋಲ್ ಬೇಡ, ಓ-ರಿಂಗ್ ಇರುವ ಚೈನಿನ ರಬ್ಬರು ಒಣಗಿ ಬಿರಿಯುತ್ತದೆ. ಒಣ ಬಟ್ಟೆಯಿಂದ ಒರೆಸಿ ಹತ್ತು ನಿಮಿಷ ಬಿಡಿ. ಆಮೇಲೆ 90 ನಂಬರಿನ ಗಿಯರ್ ಆಯಿಲನ್ನು ಚೈನಿನ ಒಳಮೈಗೆ, ಅಂದರೆ ಸ್ಪ್ರಾಕೆಟ್ಟಿಗೆ ತಾಗುವ ಕಡೆಗೆ, ತೊಟ್ಟು ತೊಟ್ಟಾಗಿ ಹಾಕಿ. ತಿರುಗುವಾಗ ಅದು ತಾನೇ ಹೊರಕ್ಕೆ ಹರಡುತ್ತದೆ. ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಟೈರಿಗೆ ಎರಚುತ್ತದೆ. ತೆರೆದ ಚೈನಿಗೆ ಮಳೆಯಲ್ಲಿ ಸ್ಪ್ರೇ ಲೂಬ್ ಸ್ವಲ್ಪ ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ. ತೆಂಗಿನೆಣ್ಣೆ ಹಚ್ಚುವವರಿದ್ದಾರೆ. ಶಿರಸಿಯ ಡಿಸೆಂಬರ್ ಚಳಿಗೆ ಅದು ಗಟ್ಟಿಯಾಗುತ್ತದೆ, ಉಳಿದ ಕಾಲದಲ್ಲಿ ಧೂಳು ಹಿಡಿದು ಅಂಟಾಗುತ್ತದೆ. ಅದು ಅಡುಗೆಮನೆಯಲ್ಲೇ ಇರಲಿ.

ಬಿಗಿ ನೋಡುವುದು: ಕೆಳಗಿನ ಚೈನಿನ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಸಾಮಾನ್ಯ ಬೈಕಿಗೆ 20-30 ಮಿ.ಮೀ. ಆಡಬೇಕು. ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ, ಎಲ್ಲಿ ಅತಿ ಬಿಗಿಯೋ ಅಲ್ಲಿ ಈ ಅಳತೆ ಸಿಗಬೇಕು. ಬಿಗಿ ಮಾಡಲು ಹಿಂದಿನ ಆಕ್ಸಲ್ ನಟ್ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರನ್ನು ಒಂದೇ ಗುರುತಿಗೆ ತನ್ನಿ. ಒಂದು ಬದಿ ಹೆಚ್ಚು ಕಡಿಮೆಯಾದರೆ ಚಕ್ರ ಓರೆಯಾಗಿ ಸ್ಪ್ರಾಕೆಟ್ ಸವೆಯುತ್ತದೆ. ನಟ್ ಬಿಗಿದ ಮೇಲೆ ಹಿಂದಿನ ಡ್ರಮ್ ಬ್ರೇಕಿನ ಪೆಡಲನ್ನೂ ಒತ್ತಿ ನೋಡಿ. ಚಕ್ರ ಹಿಂದಕ್ಕೆ ಸರಿದಿರುವುದರಿಂದ ಬ್ರೇಕಿನ ರಾಡ್ ಎಳೆದುಕೊಂಡು ಡ್ರಮ್ಮಿನೊಳಗಿನ ಬ್ರೇಕ್ ಶೂ ಸದಾ ಉಜ್ಜುತ್ತಿರಬಹುದು. ಇದನ್ನು ಬಹಳ ಜನ ಮರೆಯುತ್ತಾರೆ.

ಸಡಿಲ ಚೈನು ಸದ್ದು ಮಾಡುತ್ತದೆ, ಕಳಚಿ ಬೀಳಬಹುದು. ಅತಿ ಬಿಗಿ ಚೈನು ಸದ್ದಿಲ್ಲದೆ ಗಿಯರ್‌ಬಾಕ್ಸಿನ ಬೇರಿಂಗ್ ತಿನ್ನುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಕೂದಲೆಳೆಯಷ್ಟು ಸಡಿಲವೇ ಇರಲಿ.

## ಯಾವ ಆಯಿಲ್, ಎಷ್ಟು?

ಕೈಪಿಡಿಯಲ್ಲಿ ಹೇಳಿದ್ದೇ. ಹೀರೋ, ಹೋಂಡಾದ ಸಣ್ಣ ಬೈಕುಗಳಿಗೆ 10ಡಬ್ಲ್ಯು-30, ಸುಮಾರು 800 ಮಿ.ಲೀ.ನಿಂದ ಒಂದು ಲೀಟರು. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದಿರಬೇಕು. ಕಾರಿನ ಆಯಿಲ್ ಹಾಕಿದರೆ ಆಯಿಲಿನಲ್ಲೇ ಮುಳುಗಿರುವ ಕ್ಲಚ್ ಪ್ಲೇಟು ಜಾರುತ್ತದೆ: ಇಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ಆಯಿಲ್ ಮಟ್ಟವನ್ನು ಸಮತಟ್ಟು ಜಾಗದಲ್ಲಿ, ಸೆಂಟರ್ ಸ್ಟ್ಯಾಂಡಿನಲ್ಲೇ ನೋಡಿ. ಕಡ್ಡಿಯ ಎರಡು ಗೆರೆಗಳ ನಡುವೆ ಇದ್ದರೆ ಸರಿ. ಕಡ್ಡಿಯನ್ನು ತಿರುಚಿ ಬಿಗಿಯಬೇಕೋ ಸುಮ್ಮನೆ ಇಟ್ಟು ನೋಡಬೇಕೋ ಎಂಬುದು ಬೈಕಿನಿಂದ ಬೈಕಿಗೆ ಬೇರೆ, ಕೈಪಿಡಿ ನೋಡಿ. ಹಳೆ ಆಯಿಲನ್ನು ತೋಟದ ಕಾಲುವೆಗೆ ಚೆಲ್ಲಬೇಡಿ, ಗ್ಯಾರೇಜಿನವರು ತಗೊಳ್ಳುತ್ತಾರೆ.

## ಕಡಲ ಬದಿಯಲ್ಲಿ ತುಕ್ಕು ತಡೆಯುವುದು ಹೇಗೆ?

ಉಪ್ಪು ಬರುವುದು ಗಾಳಿಯಿಂದ ಮಾತ್ರವಲ್ಲ. ಹೆದ್ದಾರಿಯಲ್ಲಿ ಮೀನಿನ ಲಾರಿಗಳ ಹಿಂದಿನಿಂದ ಸೋರುವ ನೀರು ಉಪ್ಪುನೀರೇ. ಅದು ರಸ್ತೆಯನ್ನೂ ಜಾರಿಸುತ್ತದೆ, ಬೈಕಿನ ಹೊಟ್ಟೆಗೂ ಎರಚುತ್ತದೆ. ಲಾರಿ ಹಿಂದೆ ಅಂಟಿಕೊಂಡು ಹೋಗಬೇಡಿ. ವಾರಕ್ಕೊಮ್ಮೆ ಸಿಹಿನೀರಿನಿಂದ ತಳಭಾಗ, ರಿಮ್ಮು, ಮಡ್‌ಗಾರ್ಡಿನ ಒಳಮೈ ತೊಳೆಯಿರಿ. ಹಿನ್ನೀರಿನ ಬದಿಯ ಬಾವಿ ಬೇಸಿಗೆಯಲ್ಲಿ ಉಪ್ಪಾಗುತ್ತದೆ, ಅದರಲ್ಲಿ ತೊಳೆಯುವುದಕ್ಕಿಂತ ತೊಳೆಯದಿರುವುದೇ ವಾಸಿ. ಬಟ್ಟೆ ಸೋಪಿನ ಪುಡಿ ಬೇಡ, ಶಾಂಪೂ ಸಾಕು. ಜೋರಿನ ಪೈಪನ್ನು ಚಕ್ರದ ನಡುವಿಗೆ, ಸ್ವಿಚ್ಚುಗಳಿಗೆ ಹಿಡಿಯಬೇಡಿ, ಗ್ರೀಸು ತೊಳೆದುಹೋಗಿ ಬೇರಿಂಗಿಗೆ ನೀರು ಸೇರುತ್ತದೆ.

ತೊಳೆದ ಮೇಲೆ ಒರೆಸಿ, ಐದು ನಿಮಿಷ ಓಡಿಸಿ ಒಣಗಿಸಿ. ಬ್ಯಾಟರಿ ಟರ್ಮಿನಲ್ಲಿಗೆ ವ್ಯಾಸಲೀನ್, ಸ್ಟ್ಯಾಂಡಿನ ಕೀಲುಗಳಿಗೆ ಗ್ರೀಸು, ಸ್ಪೋಕಿನ ಬುಡಕ್ಕೆ ತೆಳ್ಳಗೆ ಎಣ್ಣೆ. ಗೋಕರ್ಣ, ಮುರ್ಡೇಶ್ವರದ ಮರಳಿನ ಮೇಲೆ ಫೋಟೊಕ್ಕಾಗಿ ಬೈಕು ಇಳಿಸಿದವರು ಅದೇ ದಿನ ತೊಳೆಯಬೇಕು, ನಾಳೆ ಎಂದರೆ ತಡ.

## ಮಳೆಗಾಲಕ್ಕೆ ಮೊದಲು ಏನೇನು ಮಾಡಿಸಬೇಕು?

ಮೇ ಮುಗಿಯುವುದರೊಳಗೆ. ಜೂನ್ ಮೊದಲ ವಾರ ಗ್ಯಾರೇಜುಗಳಲ್ಲಿ ಸಾಲು ಇರುತ್ತದೆ. ಟೈರಿನ ಸವೆತದ ಗುರುತು ನೋಡಿ: ಬದಿಯಲ್ಲಿ ಸಣ್ಣ ತ್ರಿಕೋನ ಇರುತ್ತದೆ, ಅದರ ನೇರಕ್ಕೆ ಟೈರಿನ ಗೀರಿನೊಳಗಿನ ಉಬ್ಬು ಟೈರಿನ ಮೇಲ್ಮೈ ಮಟ್ಟಕ್ಕೆ ಬಂದಿದ್ದರೆ ಬದಲಿಸಿ. ಡ್ರಮ್ ಬಿಚ್ಚಿಸಿ ಶೂ ನೋಡಿಸಿ, ಶೂವನ್ನು ಅಗಲಿಸುವ ಕ್ಯಾಮಿಗೆ ಸ್ವಲ್ಪ ಗ್ರೀಸು ಹಾಕಿಸಿ. ಅದು ಒಣಗಿದ್ದರೆ ಮಳೆಯಲ್ಲಿ ತುಕ್ಕು ಹಿಡಿದು ಬ್ರೇಕು ಒತ್ತಿದ್ದು ವಾಪಸ್ಸು ಬರುವುದಿಲ್ಲ. ಡಿಸ್ಕ್ ಇದ್ದರೆ ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ಗಾಳಿಯ ತೇವ ಹೀರುವ ಗುಣದ್ದು, ಇಲ್ಲಿ ತೇವಕ್ಕೆ ಬರವಿಲ್ಲ. ಕ್ಲಚ್ ಕೇಬಲಿನ ಎಳೆ ಬಿಚ್ಚಿದ್ದರೆ ಈಗಲೇ ಹೊಸದು ಹಾಕಿಸಿ. ಸ್ಪಾರ್ಕ್ ಪ್ಲಗ್ಗಿನ ರಬ್ಬರ್ ಟೊಪ್ಪಿ ಬಿರಿದಿದ್ದರೆ ಅದನ್ನೂ.

## ಘಟ್ಟ ಇಳಿಯುವಾಗ ಬ್ರೇಕು ಹಿಡಿಯದೆ ಹೋಗುತ್ತದಲ್ಲ, ಯಾಕೆ?

ಒಂದೇ ಸಮ ಒತ್ತಿ ಹಿಡಿದರೆ ಶೂ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಡಿಸ್ಕಿನಲ್ಲಾದರೆ ಹಳೆ ಫ್ಲೂಯಿಡಿನ ಒಳಗಿನ ನೀರು ಕುದಿದು ಲಿವರ್ ಮೆತ್ತಗಾಗುತ್ತದೆ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಕಾಲು ಗಂಟೆ ಬಿಡಿ. ಬಿಸಿ ಡಿಸ್ಕಿಗೆ ನೀರು ಹಾಕಬೇಡಿ, ಬಾಗುತ್ತದೆ.

ದೇವಿಮನೆ, ಅರಬೈಲು, ಅಣಶಿ, ಯಾವ ಘಟ್ಟವಾದರೂ ಹತ್ತಲು ಬೇಕಾದ ಗಿಯರಿನಲ್ಲೇ ಇಳಿಯಿರಿ. ಬಹುತೇಕ ಎರಡು ಅಥವಾ ಮೂರು. ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕನ್ನು ತಿರುವಿಗೆ ಮೊದಲು, ಗಾಡಿ ನೇರವಿರುವಾಗ, ಎರಡೂ ಒಟ್ಟಿಗೆ ಹಿಡಿದು ಬಿಡಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಇಂಜಿನ್ ಆಫ್ ಮಾಡುವುದು ಇಲ್ಲಿನ ಹಳೆ ಚಟ. ಉಳಿಯುವುದು ನಾಲ್ಕು ಕಾಸು, ಹೋಗುವುದು ಗಾಡಿಯ ಮೇಲಿನ ಹಿಡಿತ.

ಹೇರ್‌ಪಿನ್ ತಿರುವಿನಲ್ಲಿ ಬಸ್ಸಿಗೂ ಲಾರಿಗೂ ಪೂರ್ತಿ ರಸ್ತೆ ಬೇಕು. ಹಾರ್ನ್ ಕೇಳಿದರೆ ತಿರುವಿಗೆ ಮೊದಲೇ ಎಡಕ್ಕೆ ನಿಂತು ದಾರಿ ಬಿಡಿ. ಮರದ ನೆರಳಿನ ರಸ್ತೆಯಂಚಿನಲ್ಲಿ ಹಾವಸೆ, ತಿರುವಿನಲ್ಲಿ ಲಾರಿ ಚೆಲ್ಲಿದ ಡೀಸೆಲ್, ಬಿಳಿ ಪಟ್ಟಿಯ ಬಣ್ಣ ಈ ಮೂರೂ ಮಳೆಯಲ್ಲಿ ಜಾರುತ್ತವೆ. ಮಂಜು ಕವಿದಾಗ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಕಾಣುತ್ತದೆ, ಡಿಮ್‌ನಲ್ಲೇ ಹೋಗಿ. ಜೋರು ಮಳೆಯ ದಿನ ಗುಡ್ಡದ ಬುಡದಲ್ಲಿ ಬೈಕು ನಿಲ್ಲಿಸಿ ಕಾಯಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದದ್ದು ನೆನಪಿರಲಿ.

## ರಸ್ತೆಯಲ್ಲಿ ನೀರು ನಿಂತಿದ್ದರೆ? ಇಂಜಿನ್ ಒಳಗೆ ನೀರು ಹೋದರೆ?

ಹರಿಯುವ ನೀರಿಗೆ ಇಳಿಯಲೇಬೇಡಿ. ನಿಂತ ನೀರು ಚಕ್ರದ ನಡುಗುಂಬದ ಕೆಳಗಿದ್ದರೆ ಒಂದನೇ ಗಿಯರಿನಲ್ಲಿ, ಆಕ್ಸಿಲರೇಟರ್ ಬಿಡದೆ ಒಂದೇ ಸಮ ದಾಟಿ. ಆಚೆ ಬಂದ ಮೇಲೆ ಬ್ರೇಕನ್ನು ಹಗುರಾಗಿ ಒತ್ತಿಕೊಂಡು ನೂರು ಮೀಟರ್ ಹೋದರೆ ಶೂ ಒಣಗುತ್ತದೆ.

ನೀರಿನ ನಡುವೆ ನಿಂತುಹೋದರೆ ಸೆಲ್ಫ್ ಒತ್ತಬೇಡಿ, ಕಿಕ್ ಹೊಡೆಯಬೇಡಿ. ಸಿಲಿಂಡರಿನೊಳಗೆ ನೀರಿದ್ದರೆ ಅದು ಅಮುಕಿದರೂ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಾಗೆ ಸ್ಟಾರ್ಟ್ ಮಾಡಿ ಕೆಟ್ಟ ಇಂಜಿನ್ನಿಗೆ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರ ಸಿಗುವುದೂ ಕಷ್ಟ. ತಳ್ಳಿ ಮೇಲಕ್ಕೆ ತಂದು ಪ್ಲಗ್ ಬಿಚ್ಚಿ, ನಿಧಾನಕ್ಕೆ ಕಿಕ್ ಒತ್ತಿ ನೀರು ಹೊರಹಾಕಿ, ಏರ್ ಫಿಲ್ಟರ್ ನೋಡಿ. ಆಯಿಲ್ ಬೆಳ್ಳಗಾಗಿದ್ದರೆ ಬದಲಿಸದೆ ಓಡಿಸಬೇಡಿ. ಕಿಕ್ ಇಲ್ಲದ ಬೈಕಾದರೆ ಮೆಕ್ಯಾನಿಕ್ಕನ್ನು ಕರೆಯುವುದೇ ದಾರಿ.

## ಕೊಟ್ಟಿಗೆಯಲ್ಲಿ ನಿಲ್ಲಿಸಬಹುದೇ? ಕವರ್ ಹಾಕಬೇಕೇ?

ದನ ಕಟ್ಟುವ ಕೊಟ್ಟಿಗೆ ಬೇಡ. ಗಂಜಲದಿಂದ ಏಳುವ ಅಮೋನಿಯಾ ತಾಮ್ರದ ವೈರು, ಹಿತ್ತಾಳೆಯ ಜೋಡಣೆ ತಿನ್ನುತ್ತದೆ. ಗಾಳಿಯಾಡುವ ಜಗಲಿ ಅಥವಾ ಚಪ್ಪರ ಸಾಕು. ಒದ್ದೆ ಬೈಕಿಗೆ ಪ್ಲಾಸ್ಟಿಕ್ ಹೊದೆಸಿದರೆ ಬೆವರು ಕಟ್ಟಿ ಬಯಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಎರಡು ವಾರ ನಿಂತ ಬೈಕಿನ ಸೈಲೆನ್ಸರ್ ಬಾಯಿಗೆ ಕಣಜ ಮಣ್ಣು ಮೆತ್ತಿರಬಹುದು, ಇಲಿ ವೈರು ಕಡಿದಿರಬಹುದು. ಸ್ಟಾರ್ಟ್ ಮಾಡುವ ಮೊದಲು ಎರಡನ್ನೂ ನೋಡಿ. ಮಳೆಗಾಲದಲ್ಲಿ ಟ್ಯಾಂಕು ತುಂಬಿಸಿಯೇ ಇಡಿ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ತೇವ ಹೀರುತ್ತದೆ, ಖಾಲಿ ಟ್ಯಾಂಕಿನಲ್ಲಿ ತೇವದ ಗಾಳಿಗೆ ಜಾಗ ಹೆಚ್ಚು.

## ದೂರ ಹೋಗುವಾಗ ಜೊತೆಗೆ ಏನಿರಬೇಕು?

ಬೈಕಿನ ಟೂಲ್‌ಕಿಟ್, ಪ್ಲಗ್ ಸ್ಪ್ಯಾನರ್, ಒಂದು ಹೊಸ ಪ್ಲಗ್, ಒಂದೆರಡು ಫ್ಯೂಸು, ಒಂದು ಕ್ಲಚ್ ಕೇಬಲ್, ಟ್ಯೂಬ್‌ಲೆಸ್ ಆದರೆ ಪಂಕ್ಚರ್ ಕಿಟ್ಟು ಮತ್ತು ಸಣ್ಣ ಪಂಪು. ಅಣಶಿ-ಜೋಯಿಡಾ ದಾರಿಯಲ್ಲಿ ಹಲವೆಡೆ ಮೊಬೈಲ್ ಸಿಗ್ನಲ್ ಇಲ್ಲ, ಪೆಟ್ರೋಲ್ ಬಂಕೂ ದೂರ. ಕಾರವಾರದಲ್ಲೇ ತುಂಬಿಸಿಕೊಂಡು ಹೊರಡಿ. ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗ ನೋಡಿ: ಸಣ್ಣ ಬೈಕಿಗೆ ಸಾಮಾನ್ಯವಾಗಿ ಮುಂದೆ 25 ಪಿಎಸ್‌ಐ, ಹಿಂದೆ 28-30. ಇಬ್ಬರಿದ್ದರೆ ಹಿಂದೆ ಹೆಚ್ಚು ಬೇಕು. ನಿಮ್ಮ ಬೈಕಿನ ಸರಿಯಾದ ಅಂಕಿ ಹಿಂಚಕ್ರದ ಹತ್ತಿರದ ಸ್ಟಿಕ್ಕರಿನಲ್ಲಿದೆ.